ಹಳೆಯ ವ್ಯಾನನ್ನು ಕೊಳ್ಳುವವರಿಗೆ ಕೆಲವು ಸೂಚನೆಗಳು

ಕುದುರೆಯನ್ನು ಕೊಳ್ಳುವವನು ಹಲ್ಲನ್ನು ನೋಡುವನು. ಎತ್ತನ್ನು ಕೊಳ್ಳುವವನು ಸುಳಿಯಿಂದ ಗೊರಸಿನವರೆಗೆ ಒಂದನ್ನೂ ಬಿಡದೆ ಪರೀಕ್ಷಿಸುವನು. ಹಳೆಯ ಮೋಟಾರು ವ್ಯಾನನ್ನು ಕೊಳ್ಳಹೊರಟ ಗೃಹಸ್ಥರು ಮಾತ್ರ ಅದರ ಬಣ್ಣಕ್ಕೆ ಮನಸೋತು, ಬಾಗಿಲನ್ನು ಎರಡು ಸಲ ತೆಗೆದು ಹಾಕಿ, ಹಣವನ್ನು ಎಣಿಸಿಬಿಡುವುದುಂಟು. ಇಂಗ್ಲೆಂಡಿನಲ್ಲಿ ನೆಲಸಿರುವ ನಮ್ಮ ಕನ್ನಡಿಗ ಕುಟುಂಬಗಳಲ್ಲಿ ಕೆಲವರಿಗೆ ರಜಾದಿನಗಳಲ್ಲಿ ಮಕ್ಕಳೊಡನೆ ಸಂಚರಿಸುವುದಕ್ಕೆ ಫೋಕ್ಸ್‌ವಾಗನ್ ಸಂಸ್ಥೆಯ ಹಳೆಯ ವ್ಯಾನಿನ ಮೇಲೆ ಬಹು ಮೋಹ. ನಾವು ನಮ್ಮ ಪುತ್ರನ ಮನೆಯಲ್ಲಿ ಕೆಲವು ತಿಂಗಳಿದ್ದು, ಅವನೊಡನೆ ಇಂಥ ಆರು ಬಂಡಿಗಳ ಕೆಳಗೆ ಬಾಗಿ ನೋಡಿ ಬಂದವರಾದುದರಿಂದ, ತಿಳಿದಷ್ಟನ್ನು ವಾಚಕರಿಗೆ ನಿವೇದಿಸುವೆವು.

ಹಾಲೆಂಡಿನ ವರ್ತಕ ಬೆನ್ ಪೋನ್ ಎಂಬಾತನು ೧೯೪೭ರ ಏಪ್ರಿಲಿನಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಗೀಚಿದ ರೇಖಾಚಿತ್ರವೇ ಈ ವ್ಯಾನಿನ ಬೀಜ. ೧೯೫೦ರಲ್ಲಿ ಜರ್ಮನಿಯ ವೋಲ್ಫ್ಸ್‌ಬುರ್ಗಿನಲ್ಲಿ ಇದರ ನಿರ್ಮಾಣವು ಆರಂಭವಾಗಿ, ೧೯೫೬ರಲ್ಲಿ ಹ್ಯಾನೋವರಿಗೆ ವರ್ಗವಾಯಿತು. ೧೯೬೭ರವರೆಗಿನ ಬಂಡಿಗಳಿಗೆ ಎದುರಿನ ಗಾಜು ಎರಡು ಹೋಳು. ಆ ಮೇಲಿನವಕ್ಕೆ ಬಾಗಿದ ಒಂದೇ ಗಾಜು. ಜರ್ಮನಿಯಲ್ಲಿ ಈ ಎರಡನೆಯ ಮಾದರಿಯು ೧೯೭೯ರಲ್ಲಿ ನಿಂತರೂ ಬ್ರೆಜಿಲಿನಲ್ಲಿ ಇದರ ವಂಶವು ೨೦೧೩ರವರೆಗೆ ಬಾಳಿತು. ಆದುದರಿಂದ ರೂಪದಲ್ಲಿ ವೃದ್ಧನೂ ವಯಸ್ಸಿನಲ್ಲಿ ಬಾಲಕನೂ ಆದ ಬಂಡಿಯೊಂದು ಎದುರಾಗಬಹುದು. ಮುಂಭಾಗದಲ್ಲಿ ನೀರಿನ ರೇಡಿಯೇಟರು ಕಂಡರೆ, ಅದು ೨೦೦೫ರ ಅಂತ್ಯದಿಂದೀಚೆಗೆ ಬ್ರೆಜಿಲಿನಲ್ಲಿ ಹುಟ್ಟಿದ್ದೇ ಎಂದು ವಿಚಾರಿಸತಕ್ಕದ್ದು.

ಎಲ್ಲಕ್ಕಿಂತ ಮೊದಲು ನೋಡಬೇಕಾದುದು ತುಕ್ಕು. ಈ ವ್ಯಾನಿನಲ್ಲಿ ಮೈಯೂ ಚಾಸಿಯೂ ಬೇರೆಬೇರೆಯಾಗಿಲ್ಲ. ಎರಡನ್ನೂ ಒಂದಾಗಿ ಬೆಸೆದಿದ್ದಾರೆ. ಎಂದಮೇಲೆ ಇಲ್ಲಿನ ತುಕ್ಕು ಚರ್ಮರೋಗವಲ್ಲ, ಅಸ್ಥಿಗತವಾದ ಕ್ಷಯ. ಪಕ್ಕದ ಬಾಗಿಲಿನ ಕೆಳಗೆ ಉದ್ದಕ್ಕೂ ಹಾಯುವ ತೊಲೆ, ಜಾಕನ್ನು ಕೊಡುವ ಸ್ಥಾನಗಳು, ಚಕ್ರಗಳ ಮೇಲಿನ ಕಮಾನುಗಳು, ಚಾಲಕನ ಪಾದದಡಿಯ ನೆಲ, ಎಂಜಿನಿನ ಕೋಣೆಯಲ್ಲಿ ಬ್ಯಾಟರಿಯು ಕುಳಿತುಕೊಳ್ಳುವ ತಟ್ಟೆ, ಎದುರುಗಾಜಿನ ರಬ್ಬರಿನಡಿಯ ಅಂಚು, ಇವೆಲ್ಲವೂ ನೀರು ನಿಂತು ಕೊಳೆಯುವ ತಾಣಗಳು. ತೊಲೆಯೆಂಬುದು ಒಂದು ತಗಡಲ್ಲ. ಹೊರಗೊಂದು, ಒಳಗೊಂದು, ನಡುವೆ ಮತ್ತೊಂದು. ಒಳಗಿನದು ಪುಡಿಯಾಗಿದ್ದರೂ ಹೊರಗೆ ಹೊಸ ತಗಡನ್ನು ಬೆಸೆದು ಬಣ್ಣ ಬಳಿದು ಮಾರುವ ಮಹನೀಯರಿದ್ದಾರೆ. ಸಣ್ಣದೊಂದು ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಮೈಮೇಲೆ ಸರಿಸುತ್ತ ಹೋಗಬೇಕು. ಅದು ಎಲ್ಲಿ ಹಿಡಿಯದೆ ಜಾರುವುದೋ ಅಲ್ಲಿ ಬಣ್ಣದ ಕೆಳಗಿರುವುದು ಉಕ್ಕಲ್ಲ, ಪುಟ್ಟಿ. ಬಳಿಕ ಜಾಕು ಕೊಟ್ಟು ಒಂದು ಮಗ್ಗುಲನ್ನು ಮೆಲ್ಲನೆ ಎತ್ತಿಸಿ ಬಾಗಿಲನ್ನು ತೆರೆದು ನೋಡಬೇಕು. ಮೊದಲು ಸುಲಭವಾಗಿ ತೆರೆಯುತ್ತಿದ್ದ ಬಾಗಿಲು ಈಗ ಕಚ್ಚಿಕೊಂಡರೆ ಬೆನ್ನೆಲುಬು ಬಾಗಿದೆಯೆಂದೇ ಅರ್ಥ. ತಳಕ್ಕೆ ನಿನ್ನೆ ಮೊನ್ನೆ ಬಳಿದ ಕಪ್ಪು ಲೇಪವನ್ನು ಕಂಡರೆ ನಮಗಂತೂ ಸಂತೋಷಕ್ಕಿಂತ ಸಂಶಯವೇ ಹೆಚ್ಚು.

ಎಂಜಿನು ಹಿಂಭಾಗದಲ್ಲಿದೆ, ಅದನ್ನು ತಣಿಸುವುದು ನೀರಲ್ಲ, ಗಾಳಿ. ನಾವು ತಲಪುವಷ್ಟರಲ್ಲಿ ಅದು ಬೆಚ್ಚಗಿದ್ದರೆ, ಬೆಳಗಿನ ಮೊದಲ ಚಾಲನೆಯ ಕಷ್ಟವನ್ನು ಮಾರುವವನು ಮರೆಮಾಡಿರಬಹುದು. ತಣ್ಣಗಿರುವಾಗ, ಎಂಜಿನನ್ನು ನಿಲ್ಲಿಸಿಯೇ, ಬೆಲ್ಟು ಸುತ್ತುವ ಕೆಳಗಿನ ದೊಡ್ಡ ಗಾಲಿಯನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದು ನೂಕಬೇಕು. ಇಲ್ಲಿ ಸಲ್ಲತಕ್ಕ ಚಲನೆಯ ಮಿತಿ ೦.೧೫ ಮಿಲ್ಲಿಮೀಟರು ಮಾತ್ರ. ಕೈಗೆ 'ಟಕ್' ಎಂದು ತಿಳಿಯುವಷ್ಟು ಅಲುಗಿದರೆ ಒಳಗಿನ ಸವೆತವು ಬಲಿತಿದೆ, ಎಂಜಿನನ್ನೇ ಬಿಚ್ಚಿ ಕಟ್ಟಬೇಕು. ಎಂಜಿನನ್ನು ಸುತ್ತುವರಿದ ತಗಡೂ ರಬ್ಬರು ಪಟ್ಟಿಯೂ ಅಲಂಕಾರಕ್ಕಾಗಿ ಇಟ್ಟವಲ್ಲ. ಕೆಳಗಿನ ಬಿಸಿಗಾಳಿಯು ಮೇಲಿನ ತಂಗಾಳಿಯೊಡನೆ ಬೆರೆಯದಂತೆ ತಡೆಯುವುವು ಅವೇ. ಅವು ಕಾಣೆಯಾಗಿದ್ದರೆ ಎಂಜಿನು ಕಾದು ಕಾದು ಕೆಡುವುದು.

ಇನ್ನು ಪೆಟ್ರೋಲಿನ ರಬ್ಬರು ಕೊಳವೆಗಳು. ಇವನ್ನು ಗೃಹಸ್ಥರು ಸರ್ವಥಾ ಉಪೇಕ್ಷಿಸಕೂಡದು. ಹಳೆಯ ರಬ್ಬರು ಬಿರಿದು ಕಾದ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಬೆಂಕಿ ಹೊತ್ತುವುದು. ಈ ಎಂಜಿನುಗಳಲ್ಲಿ ಹಲವಕ್ಕೆ ಕವಚವೇ ಮೆಗ್ನೀಸಿಯಮ್ ಮಿಶ್ರಲೋಹದ್ದು. ಅದಕ್ಕೇ ಉರಿ ತಾಗಿದರೆ ಆರಿಸುವುದು ದುಸ್ಸಾಧ್ಯ. ಚಾಲಕನು ಮುಂದೆ, ಬೆಂಕಿ ಹಿಂದೆ, ನಡುವೆ ಮಕ್ಕಳು. ಕೊಳವೆಗಳನ್ನು ಬದಲಾಯಿಸಲು ತಗಲುವ ವೆಚ್ಚ ಅತ್ಯಲ್ಪವಾದುದರಿಂದ, ಕೊಂಡ ದಿನವೇ ಎಲ್ಲವನ್ನೂ ಹೊಸದು ಮಾಡಿಸಿ, ಕೈಗೆಟಕುವಲ್ಲಿ ಅಗ್ನಿಶಾಮಕವೊಂದನ್ನು ಇಡತಕ್ಕದ್ದು. ಒಳಗನ್ನು ಬೆಚ್ಚಗಿಡುವ ಗಾಳಿಯು ಹೊಗೆಕೊಳವೆಯ ಹೊರಮೈಯನ್ನು ಸೋಕಿ ಬರುವುದು. ಆ ಕೊಳವೆಯು ತುಕ್ಕುಹಿಡಿದು ತೂತಾಗಿದ್ದರೆ ಇಂಗಾಲದ ಮೊನಾಕ್ಸೈಡು ಒಳಕ್ಕೆ ಬರಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಓಡಿಸಿ ನೋಡುವಾಗ ಬ್ರೇಕು ಒತ್ತಿದಾಗ ಬಂಡಿಯು ಒಂದು ಕಡೆಗೆ ಎಳೆಯುವುದೇ, ಗೇರು ತಾನಾಗಿ ಕಳಚುವುದೇ, ಸ್ಟೀರಿಂಗ್ ಚಕ್ರವು ವೃಥಾ ತಿರುಗುವುದೇ ಎಂಬುದನ್ನು ಗಮನಿಸಿದರೆ ಸಾಕು. ಸಾಧ್ಯವಾದರೆ ಮಳೆಯ ದಿನವೇ ಹೋಗುವುದು ಲೇಸು. ಸೋರುವ ಮಾಡನ್ನು ಬಿಸಿಲಿನಲ್ಲಿ ಯಾರೂ ಕಂಡುಹಿಡಿಯಲಾರರು. ಒಳಗಿನ ಹಾಸಿಗೆಯನ್ನು ಬಿಡಿಸಿ ಗೃಹಿಣಿಯೂ ಮಕ್ಕಳೂ ಒಮ್ಮೆ ಮಲಗಿ ನೋಡಲಿ. ಇದಕ್ಕೆ ನಾಚಬೇಕಾದುದೇನೂ ಇಲ್ಲ.

ಕಾಗದಪತ್ರಗಳ ವಿಷಯ. ಎಂಜಿನಿನ ಕೋಣೆಯಲ್ಲಿ ಅಚ್ಚೊತ್ತಿರುವ ಚಾಸಿ ಸಂಖ್ಯೆಯು ನೋಂದಣಿ ಪತ್ರದಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಇಂಗ್ಲೆಂಡಿನ ನೋಂದಣಿ ಪತ್ರವು ಬಂಡಿಯನ್ನು ಇಟ್ಟುಕೊಂಡಿರುವವನ ಹೆಸರನ್ನು ಹೇಳುವುದೇ ಹೊರತು ಒಡೆತನಕ್ಕೆ ಪ್ರಮಾಣವಲ್ಲ. ಖರೀದಿಯ ರಸೀದಿಯನ್ನೂ ಕೇಳಿ ನೋಡಬೇಕು. ನಾಲ್ವತ್ತು ವರ್ಷ ಮೀರಿ, ಗಣನೀಯವಾಗಿ ಮಾರ್ಪಡದ ಬಂಡಿಗಳಿಗೆ ೨೦೧೮ರ ಮೇ ತಿಂಗಳಿನಿಂದ ಅಲ್ಲಿ ವಾರ್ಷಿಕ ಪರೀಕ್ಷೆಯು ಕಡ್ಡಾಯವಲ್ಲ. ಇದನ್ನೇ ಹಿಡಿದು ಮಾರುವವನು "ಪರೀಕ್ಷೆಯ ಅಗತ್ಯವೇ ಇಲ್ಲ, ಸ್ವಾಮಿ" ಎನ್ನುವನು. ಅಗತ್ಯವಿಲ್ಲದಿದ್ದರೂ ಮಾಡಿಸಲು ಅಡ್ಡಿಯಿಲ್ಲವಷ್ಟೆ! ಮಾಡಿಸಿಕೊಟ್ಟ ಮೇಲೆ ಬರುವೆವೆಂದು ಹೇಳಿ ಎದ್ದುಬರುವುದೇ ಸರಿ.

ನಮ್ಮ ದೇಶದಲ್ಲೇ ಇಂಥದನ್ನು ಕೊಳ್ಳುವವರು ೨೦೨೧ರ ನಿಯಮವನ್ನು ಓದಿಕೊಳ್ಳಲಿ. ಮೊದಲ ನೋಂದಣಿಯಿಂದ ೫೦ ವರ್ಷ ಮೀರಿ, ಮೂಲರೂಪವನ್ನು ಉಳಿಸಿಕೊಂಡ ಬಂಡಿಯನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ ಬಂಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮೊದಲಾದ ಕೆಲವು ಉದ್ದೇಶಗಳಿಗೆ ಮಾತ್ರ ರಸ್ತೆಗೆ ತರಬಹುದಲ್ಲದೆ, ಬಾಡಿಗೆಗೆ ಬಿಡುವಂತಿಲ್ಲ, ದಿನನಿತ್ಯ ಓಡಿಸುವಂತೆಯೂ ಇಲ್ಲ.