ಕುಷ್ಠರೋಗಕ್ಕೆ ಬಹು ಔಷಧಿ ಚಿಕಿತ್ಸೆ

ಕುಷ್ಠರೋಗವು ರೋಗಾಣುವಿನಿಂದ ಉಂಟಾಗಿ ಚರ್ಮ ಹಾಗೂ ನರಗಳನ್ನು ಬಾಧಿಸುವ ಕಾಯಿಲೆಯಾಗಿದೆ. ಇದು ಶಾಪ ಅಥವಾ ಪಾಪದ ಫಲವಲ್ಲ.

1940ರ ದಶಕದಿಂದ ಡ್ಯಾಪ್ಸೋನ್ ಮಾತ್ರೆಯೊಂದನ್ನೇ ವರ್ಷಗಟ್ಟಲೆ ನೀಡಲಾಗುತ್ತಿತ್ತು. ಕ್ರಮೇಣ ರೋಗಾಣುಗಳು ಅದಕ್ಕೆ ಪ್ರತಿರೋಧ ಬೆಳೆಸಿಕೊಂಡವು. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ರಿಫಾಂಪಿಸಿನ್, ಡ್ಯಾಪ್ಸೋನ್ ಮತ್ತು ಕ್ಲೋಫಾಜಿಮೈನ್ ಔಷಧಿಗಳ ಸಂಯುಕ್ತ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಒಂದು ಔಷಧಿಗೆ ಬಗ್ಗದ ರೋಗಾಣು ಮತ್ತೊಂದರಿಂದ ನಾಶವಾಗುವುದೇ ಇದರ ತತ್ವ. ರೋಗಾಣುಗಳು ಕಡಿಮೆ ಇರುವ ಬಗೆಗೆ 6 ತಿಂಗಳು, ಹೆಚ್ಚಿರುವ ಬಗೆಗೆ 12 ತಿಂಗಳು ಚಿಕಿತ್ಸೆ ನೀಡಲಾಗುತ್ತದೆ.

ಚಿಕಿತ್ಸೆಯ ಅವಧಿಯಲ್ಲಿ ಮೂತ್ರ ಕೆಂಪಾಗಬಹುದು, ಚರ್ಮ ಕಪ್ಪಾಗಬಹುದು. ಇವು ತಾತ್ಕಾಲಿಕ; ಇದಕ್ಕೆ ಹೆದರಿ ಔಷಧಿ ನಿಲ್ಲಿಸಬಾರದು. ಮೈಮೇಲೆ ದದ್ದು ಅಥವಾ ಕಾಮಾಲೆ ಕಂಡುಬಂದಲ್ಲಿ ಮಾತ್ರ ಕೂಡಲೇ ವೈದ್ಯರಿಗೆ ತಿಳಿಸಬೇಕು. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದ ರೋಗ ಮರುಕಳಿಸಬಹುದು. ತಡವಾಗಿ ಆರಂಭಿಸಿದಲ್ಲಿ ರೋಗಾಣು ನಾಶವಾದರೂ ಹಾನಿಗೊಂಡ ನರಗಳಿಂದಾದ ಅಂಗವೈಕಲ್ಯ ಉಳಿದುಬಿಡಬಹುದು.

ಸ್ಪರ್ಶಜ್ಞಾನವಿಲ್ಲದ ತಿಳಿಬಿಳಿ ಅಥವಾ ತಾಮ್ರವರ್ಣದ ಮಚ್ಚೆ ಕಂಡುಬಂದ ಸಾರ್ವಜನಿಕರು ಚಿತ್ರದುರ್ಗ ಜಿಲ್ಲಾ ಆಸ್ಪತ್ರೆ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆಯ ಸರ್ಕಾರಿ ಆಸ್ಪತ್ರೆಗಳು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಔಷಧಿಗಳನ್ನು ಉಚಿತವಾಗಿ ನೀಡಲಾಗುತ್ತದೆ.