ರೆಸಾರ್ಟ್ ಬಿಟ್ಟು ಮರ ನೋಡಲು ಹೋದೆವು

ಖುಷ್ಕಿ ರೈತನಿಗೆ ರಜೆ ಅಂತ ಯಾರೂ ಕೊಡುವುದಿಲ್ಲ. ಮಳೆ ಕೊಟ್ಟಾಗ ಕೆಲಸ, ಕೊಡದಿದ್ದಾಗ ಚಿಂತೆ. ಆದರೂ ಯುಗಾದಿ ಕಳೆದು ಒಂದು ಉಳುಮೆ ಆದ ಮೇಲೆ, ರಾಗಿ ಬಿತ್ತನೆಗೆ ಮುಂಚೆ ನಾಲ್ಕು ದಿನ ಬಿಡುವು ಸಿಗುತ್ತದೆ. 2025ರ ರೋಹಿಣಿ ಮಳೆ ಹೊತ್ತಿಗೆ ಅಂಥದೊಂದು ಬಿಡುವಿನಲ್ಲಿ ನಾವು ಐದು ಜನ ಎರಡು ದಿನದ ಪ್ರವಾಸ ಹೋಗಿ ಬಂದೆವು. ದೇವಸ್ಥಾನಕ್ಕಲ್ಲ, ಊಟಿಗಲ್ಲ. ಮರಗಳನ್ನು ನೋಡಲು!

ನಮ್ಮ ಊರು ಸಿಂಗಸಂದ್ರ. ಹೊಸೂರು ರಸ್ತೆ ಮೇಲಿದೆ. ನನ್ನ ಅಜ್ಜ ಇಲ್ಲಿ ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದರು. 1978ರಲ್ಲಿ ಕಿಯೋನಿಕ್ಸ್‌ನವರು ನಮ್ಮ ಪಕ್ಕದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಮಾಡಿದರು. ಆಮೇಲೆ ನಿಧಾನವಾಗಿ ನಮ್ಮ ಹೊಲಗಳೂ ಸೈಟಾದವು. ನಮ್ಮ ಪಾಲಿನದು 1998ರಲ್ಲಿ ಹೋಯಿತು. ಬಂದ ದುಡ್ಡಲ್ಲಿ ಸಾಲ ತೀರಿಸಿ, ಆನೇಕಲ್‌ನಿಂದ ಆಚೆ ತಳಿ ಕಡೆಗೆ ಎರಡು ಎಕರೆ ಖುಷ್ಕಿ ತೆಗೆದುಕೊಂಡೆ. ಮನೆ ಇಲ್ಲಿ, ಬೇಸಾಯ ಅಲ್ಲಿ. ಈಗ ನಮ್ಮೂರಲ್ಲಿ ಮೆಟ್ರೊ ಸ್ಟೇಷನ್ ಕೂಡ ಇದೆ. ರಾಗಿ ತೆನೆ ಮಾತ್ರ ನೋಡಲು ಸಿಗುವುದಿಲ್ಲ.

ಪ್ರವಾಸದ ಮೂಲ ಒಂದು ಜಗಳ

ತಳಿ ರಸ್ತೆಯ ಆ ಹೊಲದ ಬದುವಿನಲ್ಲಿ ಮೂರು ಹುಣಸೆಮರ, ಒಂದು ಹಲಸು ಇವೆ. ಹೊಲ ಕೊಂಡಾಗಲೇ ದೊಡ್ಡ ಮರಗಳು. ಒಬ್ಬರು ಬಂದು, ರಸ್ತೆ ಪಕ್ಕದ ಅರ್ಧ ಎಕರೆಯನ್ನು ಗೋದಾಮಿಗೆ ಕೊಡಿ, ತಿಂಗಳಿಗೆ 18,000 ಬಾಡಿಗೆ ಕೊಡುತ್ತೇವೆ, ಆದರೆ ಲಾರಿ ತಿರುಗಲು ಜಾಗ ಬೇಕು, ಮರ ತೆಗೆಸಿ ಎಂದರು. ನನ್ನ ಮಗ ಕಂಪನಿ ಕೆಲಸದವನು. ಅವನ ಲೆಕ್ಕ ನೇರ. "ಅಪ್ಪ, ಮೂರು ಹುಣಸೆಮರ ಗುತ್ತಿಗೆ ಕೊಟ್ರೆ ವರ್ಷಕ್ಕೆ ಎಷ್ಟು ಬರುತ್ತೆ? ಹದಿನಾಲ್ಕು ಸಾವಿರ. ಇದು ತಿಂಗಳಿಗೆ ಹದಿನೆಂಟು" ಎಂದ. ಲೆಕ್ಕ ತಪ್ಪಿಲ್ಲ. ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಆದರೂ ಆಗಲಿ ಅನ್ನಲು ಬಾಯಿ ಬರಲಿಲ್ಲ.

ಮನೆಯಲ್ಲಿ ಮಾತು ಕಮ್ಮಿಯಾಯಿತು. ಸಮಾಧಾನ ಮಾಡಲು ಮಗನೇ, "ಎಲ್ಲರೂ ಒಂದೆರಡು ದಿನ ರೆಸಾರ್ಟಿಗೆ ಹೋಗಿ ಬರೋಣ" ಎಂದ. ಐದು ಜನಕ್ಕೆ ಎರಡು ರಾತ್ರಿಗೆ 28,000 ಅಂತೆ. ಅಲ್ಲಿ ಏನಿದೆ ಅಂತ ನನ್ನ ಹೆಂಡತಿ ಕೇಳಿದಳು. ಎತ್ತಿನಗಾಡಿ ಸವಾರಿ, ಮಣ್ಣಿನ ಒಲೆ ಅಡುಗೆ, ಮರದ ಕೆಳಗೆ ಮಂಚ ಎಂದ. "ಅದಕ್ಕೆ ಇಪ್ಪತ್ತೆಂಟು ಸಾವಿರಾನಾ? ನಾನು ಇಪ್ಪತ್ತು ವರ್ಷ ಬಿಟ್ಟಿ ಮಾಡಿದ್ನಲ್ಲೋ!" ಎಂದಳು. ಎಲ್ಲರಿಗೂ ನಗು ಬಂತು. ಆ ನಗುವಿನಲ್ಲೇ ನಾನು ಹೇಳಿದೆ: "ಮರ ತೆಗೆಯೋದು ಬಿಡೋದು ಆಮೇಲೆ. ಮೊದಲು ಮರ ಇಟ್ಟುಕೊಂಡವರ ಜಾಗ ನೋಡಿ ಬರೋಣ."

ಮೇ 30, ಶುಕ್ರವಾರ ಬೆಳಗ್ಗೆ ಐದೂವರೆಗೆ ಮಗನ ಕಾರಿನಲ್ಲಿ ಹೊರಟೆವು. ನಾನು, ಹೆಂಡತಿ, ಮಗ, ನನ್ನ ಭಾವಮೈದ ಮತ್ತು ಪಕ್ಕದ ಹೊಲದ ಗೆಳೆಯ.

ಮೊದಲು ಹುಲಿಕಲ್

ಮಾಗಡಿ ದಾಟಿ ಹುಲಿಕಲ್‌ಗೆ ಹೋದೆವು. ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯ ಎರಡೂ ಬದಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಯಜಮಾನರು ಚಿಕ್ಕಯ್ಯ ಬೆಳೆಸಿದ ಆಲದ ಮರಗಳು. ನಾಲ್ಕೈದು ಕಿ.ಮೀ. ಉದ್ದಕ್ಕೆ 385 ಮರ ಎಂಬುದು ಲೆಕ್ಕ. ಪುಸ್ತಕದಲ್ಲಿ ಫೋಟೊ ನೋಡುವುದು ಬೇರೆ, ಆ ನೆರಳಲ್ಲಿ ನಡೆಯುವುದು ಬೇರೆ. ಕಾರು ನಿಲ್ಲಿಸಿ ಒಂದು ಮೈಲಿ ನಡೆದೆವು.

ಗಮನಿಸಿ, ಅವರು ಕೂಲಿ ಮಾಡುತ್ತಿದ್ದ ಜನ. ಮಕ್ಕಳಿರಲಿಲ್ಲ. ಸಸಿಗಳನ್ನು ಹೆಚ್ಚಾಗಿ ಮಳೆಗಾಲದಲ್ಲಿ ನೆಡುತ್ತಿದ್ದರು. ನೀರನ್ನು ಬಿಂದಿಗೆಯಲ್ಲಿ ಹೊತ್ತು ಹಾಕುತ್ತಿದ್ದರು. ದನ ಮೇಯದಂತೆ ಮುಳ್ಳು ಕಟ್ಟುತ್ತಿದ್ದರು. ಖುಷ್ಕಿ ರೈತ ಇದರಲ್ಲಿ ಕಲಿಯಬೇಕಾದದ್ದು ಇಷ್ಟೆ: ಗಿಡ ನೆಡುವುದು ಒಂದು ದಿನದ ಕೆಲಸ, ಮುಳ್ಳು ಕಟ್ಟುವುದು ಮೂರು ವರ್ಷದ ಕೆಲಸ. 2019ರಲ್ಲಿ ರಸ್ತೆ ಅಗಲ ಮಾಡುವ ಯೋಜನೆ ಬಂದು ಈ ಮರಗಳಿಗೇ ಕುತ್ತು ಬಂದಿತ್ತು. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂತು. ನಾವು ಹೋದಾಗ ಅಜ್ಜಿ ಇನ್ನೂ ಬದುಕಿದ್ದರು. ಅದೇ 2025ರ ನವೆಂಬರ್ 14ರಂದು ತೀರಿಕೊಂಡರು. ಮರಗಳು ನಿಂತಿವೆ.

ಮಗ ಅಲ್ಲಿ ಏನೂ ಮಾತಾಡಲಿಲ್ಲ. ಒಂದು ಬಿಳಲು ಹಿಡಿದು ಎಳೆದು ನೋಡಿದ, ಅಷ್ಟೆ.

ಒಂದೇ ಮರದ ಹಲಸು

ಕುದೂರಿನಿಂದ ತುಮಕೂರು ರಸ್ತೆ ಹಿಡಿದು ಹಿರೇಹಳ್ಳಿಗೆ ಬಂದೆವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರ ಇಲ್ಲಿದೆ. ಇಲ್ಲಿಗೆ ಬಂದ ಕಾರಣ 'ಸಿದ್ದು' ಹಲಸು.

ಗುಬ್ಬಿ ತಾಲ್ಲೂಕು ಚೇಳೂರಿನ ರೈತ ಎಸ್.ಎಸ್. ಪರಮೇಶ್ ಅವರ ಹೊಲದಲ್ಲಿ ಅವರ ತಂದೆ ಸಿದ್ದಪ್ಪ ನೆಟ್ಟ ಒಂದು ಹಲಸಿನ ಮರ. ಬೀಜದಿಂದ ಬಂದದ್ದು. ಹಣ್ಣು ಚಿಕ್ಕದು, ಸುಮಾರು ಎರಡೂವರೆ ಕೆ.ಜಿ. ಒಂದು ಮನೆಯವರು ಒಂದೇ ಹೊತ್ತಿಗೆ ತಿಂದು ಮುಗಿಸಬಹುದು. ತೊಳೆ ತಾಮ್ರದ ಕೆಂಪು ಬಣ್ಣ, ಸಿಹಿ ಜಾಸ್ತಿ. ವಿಜ್ಞಾನಿಗಳು ಇದನ್ನು ಗುರುತಿಸಿ, ತಂದೆಯ ಹೆಸರನ್ನೇ ತಳಿಗೆ ಇಟ್ಟರು. 2017ರಲ್ಲಿ ಒಪ್ಪಂದವಾಯಿತು. ಕಸಿ ಗಿಡ ಮಾರಿದ ಹಣದಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ಮರದ ಒಡೆಯನಿಗೆ! ಅದರಿಂದ ಆ ಮನೆಗೆ ಲಕ್ಷಗಟ್ಟಲೆ ಆದಾಯ ಬಂತು. ಹೀಗೇ ಇದೇ ಗುಬ್ಬಿ ಕಡೆಯ ಮತ್ತೊಬ್ಬ ರೈತರ ಮರ 'ಶಂಕರ' ತಳಿಯಾಯಿತು. ಹುಣಸೆಯಲ್ಲಿ ತುಮಕೂರು ಜಿಲ್ಲೆ ನಂದಿಹಳ್ಳಿಯ ರೈತರೊಬ್ಬರ ಮರ 'ಲಕ್ಷ್ಮಣ' ತಳಿಯಾಗಿದೆ.

ಇಲ್ಲಿ ಮೋಸ ಹೋಗಬೇಡಿ. ಎಲ್ಲರ ಮರವೂ ಸಿದ್ದು ಆಗುವುದಿಲ್ಲ. ನನ್ನದಂತೂ ಆಗುವುದಿಲ್ಲ. ಆದರೆ ಒಂದು ಮಾತು ತಲೆಯಲ್ಲಿ ಕುಳಿತಿತು. ಬೀಜದ ಮರಗಳಲ್ಲಿ ಒಂದರಂತೆ ಒಂದಿಲ್ಲ. ನನ್ನ ಮೂರು ಹುಣಸೆಗಳಲ್ಲಿ ಬಾವಿ ಕಡೆಯದು ಕಾಯಿ ಉದ್ದ, ನಾರು ಕಮ್ಮಿ, ತಿರುಳು ದಪ್ಪ. ಗುತ್ತಿಗೆಯವನು ಆ ಮರ ಹತ್ತಿದ ಮೇಲೆಯೇ ಉಳಿದವಕ್ಕೆ ರೇಟು ಹೇಳುತ್ತಾನೆ. ನನಗೆ ಅದು ಇಪ್ಪತ್ತೇಳು ವರ್ಷದಿಂದ ಗೊತ್ತು. ಆದರೆ ಆ ಮರದಿಂದ ಒಂದು ಕಡ್ಡಿ ತೆಗೆದು ಇನ್ನೊಂದು ಗಿಡ ಮಾಡಬೇಕು ಅಂತ ಒಂದು ದಿನವೂ ಹೊಳೆದಿರಲಿಲ್ಲ.

ರಾತ್ರಿ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಉಳಿದೆವು. ದಾಸೋಹದ ಮುದ್ದೆ ಸಾರು ಉಂಡೆವು. ಸಾವಿರಾರು ಮಕ್ಕಳು ಉಣ್ಣುವುದನ್ನು ನೋಡುವುದೇ ಒಂದು ಪ್ರವಾಸ.

ನಲ್ಲೂರಿನ ಹುಣಸೆ ತೋಪು

ಮರುದಿನ ದೊಡ್ಡಬಳ್ಳಾಪುರದ ಮೇಲೆ ತೂಬುಗೆರೆಗೆ ಹೋದೆವು. ಹಲಸಿಗೆ ಹೆಸರಾದ ಊರು. ಇಲ್ಲಿನ ರೈತರು ಕೃಷಿ ವಿಶ್ವವಿದ್ಯಾಲಯದ ಬೆಂಬಲದಿಂದ ಹಲಸು ಬೆಳೆಗಾರರ ಸಂಘ ಮಾಡಿಕೊಂಡಿದ್ದಾರೆ. ದಾರಿಯಲ್ಲಿ ಎರಡು ಹಣ್ಣು ಕೊಂಡು, ರಸ್ತೆ ಬದಿ ಕುಳಿತು ಬಿಡಿಸಿ ತಿಂದೆವು. ಹೆಂಡತಿ ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು.

ಅಲ್ಲಿಂದ ದೇವನಹಳ್ಳಿ ಹತ್ತಿರದ ನಲ್ಲೂರು. ಬೆಂಗಳೂರಿಗೆ ಇಷ್ಟು ಹತ್ತಿರ ಇಂಥ ಜಾಗ ಇದೆ ಅಂತ ನಮ್ಮ ಕಡೆ ಎಷ್ಟು ಜನರಿಗೆ ಗೊತ್ತು? ಸುಮಾರು 54 ಎಕರೆ, ಮುನ್ನೂರರಷ್ಟು ಹುಣಸೆಮರಗಳು. ಒಳಗೆ ಪಾಳುಬಿದ್ದ ಚೆನ್ನಕೇಶವ ದೇವಸ್ಥಾನ. ಚೋಳರ ಕಾಲದ ತೋಪು ಎಂದು ಜನ ಹೇಳುತ್ತಾರೆ. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದರು. ಇಡೀ ದೇಶದಲ್ಲೇ ಮೊದಲನೆಯದು!

ಮರಗಳನ್ನು ನೋಡಿ ನಮಗೆ ಮಾತೇ ಹೊರಡಲಿಲ್ಲ. ಕೆಲವು ಬೊಡ್ಡೆ ಪೂರಾ ಟೊಳ್ಳು. ಒಳಗೆ ಆಳು ನಿಲ್ಲಬಹುದು. ಮೇಲೆ ನೋಡಿದರೆ ಹಸಿರು ಚಿಗುರು. ಬಾಗಿ ನೆಲಕ್ಕೆ ಮಲಗಿದ ಕೊಂಬೆ ಅಲ್ಲಿಂದಲೇ ಮತ್ತೆ ಮೇಲಕ್ಕೆ ಎದ್ದಿದೆ. ಯಾರೂ ನೀರು ಕಟ್ಟಿಲ್ಲ, ಗೊಬ್ಬರ ಹಾಕಿಲ್ಲ. ನಮ್ಮ ಹೊಲಕ್ಕೆ ಬೀಳುವಂಥದ್ದೇ ಮಳೆ. ಎಷ್ಟು ಬರಗಾಲ ನೋಡಿರಬೇಕು ಇವು!

ಅಲ್ಲೇ ಒಂದು ಬೊಡ್ಡೆಗೆ ಒರಗಿ ಕುಳಿತು, ಮಗನಿಗೆ ಇದುವರೆಗೆ ಹೇಳದ ಒಂದು ಮಾತು ಹೇಳಿದೆ. ಸಿಂಗಸಂದ್ರದ ನಮ್ಮ ಹೊಲದ ಮೂಲೆಯಲ್ಲೂ ಅಜ್ಜನ ಕಾಲದ ಒಂದು ಹುಣಸೆ ಇತ್ತು. ಹೊಲ ಕೊಡುವ ಮುಂಚೆ ಅದನ್ನು ಸೌದೆಗೆ ಮಾರಿದವನು ನಾನೇ. ನಾಲ್ಕು ಸಾವಿರಕ್ಕೆ. ಕಡಿಯಲು ಎರಡು ದಿನ ಬೇಕಾಯಿತು. ಆ ಎರಡು ದಿನ ನಾನು ಮನೆಯಿಂದ ಆಚೆ ಬರಲಿಲ್ಲ. ಈಗ ಅಲ್ಲಿ ಹುಡುಗರ ಪಿ.ಜಿ. ಇದೆ. ನಾನು ಆ ಬೀದಿಯಲ್ಲಿ ಓಡಾಡುವುದಿಲ್ಲ.

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಬಾರದಿತ್ತಾ ಅಪ್ಪ?" ಎಂದ. ಲೆಕ್ಕಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕು ಅಂದುಕೊಂಡು ಸುಮ್ಮನಿದ್ದೆ ಎಂದೆ.

ಆಮೇಲೆ ಆದದ್ದು

ಮರ ಉಳಿಸಿ ಗೋದಾಮಿಗೆ ಜಾಗ ಮಾಡಲು ಸಾಧ್ಯವೇ ಅಂತ ಮಗನೇ ಹೋಗಿ ಕೇಳಿದ. ಅವರು ಒಪ್ಪಲಿಲ್ಲ, ಬೇರೆ ಕಡೆ ಹೋದರು. ತಿಂಗಳಿಗೆ 18,000 ಕೈತಪ್ಪಿದ್ದು ನಿಜ. ಸಣ್ಣ ಮೊತ್ತವಲ್ಲ. ಮರ ಉಳಿಸಿದ್ದರಿಂದ ಲಾಭವಾಯಿತು ಎಂದು ನಾನು ಸುಳ್ಳು ಬರೆಯಲಾರೆ.

ಆದದ್ದು ಇಷ್ಟು. ಆ ಜೂನ್‌ನಲ್ಲಿ ನರ್ಸರಿಯಿಂದ 20 ಹುಣಸೆ ಸಸಿ ತಂದು, ಕಸಿ ಕಟ್ಟುವವರನ್ನು ಕರೆಸಿ, ಬಾವಿ ಕಡೆ ಮರದ ಕಡ್ಡಿ ಕಟ್ಟಿಸಿದೆವು. 11 ಬದುಕಿದವು. ಬದುವಿಗೆ ನೆಟ್ಟು ಮುಳ್ಳು ಕಟ್ಟಿದ್ದೇವೆ. ಕಸಿ ಗಿಡ ಬೀಜದ ಗಿಡಕ್ಕಿಂತ ಬೇಗ ಕಾಯಿ ಬಿಡುತ್ತದೆ. ಹುಣಸೆ ನೆರಳಲ್ಲಿ ರಾಗಿ ಸರಿಯಾಗಿ ಬರುವುದಿಲ್ಲ, ಆದ್ದರಿಂದ ಹೊಲದೊಳಗೆ ಒಂದನ್ನೂ ಹಾಕಿಲ್ಲ. ಭಾನುವಾರ ಮುಳ್ಳು ಸರಿ ಮಾಡಲು ಬರುವವನು ಮಗ.

ನೀವೂ ಹೋಗುವುದಾದರೆ

ಖರ್ಚು: ಪೆಟ್ರೋಲ್ 2,700, ಟೋಲ್ 600, ಊಟ-ತಿಂಡಿ 1,900, ಹಣ್ಣು ಮತ್ತು ಇತರೆ 850. ಐದು ಜನಕ್ಕೆ ಒಟ್ಟು 6,050 ರೂಪಾಯಿ.

ಹಲಸು ನೋಡಲು ಮೇ-ಜೂನ್ ಒಳ್ಳೆಯದು. ಹುಣಸೆ ಕಾಯಿ ನೋಡಬೇಕಾದರೆ ಫೆಬ್ರವರಿ-ಮಾರ್ಚ್. ಹಿರೇಹಳ್ಳಿಗೆ ಕೆಲಸದ ದಿನ, ಮೊದಲೇ ಫೋನ್ ಮಾಡಿ ಹೋಗಿ. ಗಿಡ ಬೇಕಾದರೆ ಮುಂಚೆಯೇ ಹೇಳಿಡಿ. ನಲ್ಲೂರಲ್ಲಿ ಅಂಗಡಿ ನೆಚ್ಚಿಕೊಳ್ಳದೆ ನೀರು, ಬುತ್ತಿ ಒಯ್ಯಿರಿ. ಕೊಂಬೆ ಮುರಿಯಬೇಡಿ, ಬೊಡ್ಡೆ ಮೇಲೆ ಹೆಸರು ಕೆತ್ತಬೇಡಿ. ಅಲ್ಲಿ ಯಾರೋ ಕೆತ್ತಿದ್ದು ನೋಡಿ ಹೊಟ್ಟೆ ಉರಿಯಿತು.

ಮುಖ್ಯವಾಗಿ, ಹೊರಡುವ ಮುಂಚೆ ನಿಮ್ಮ ಬದುವಿನ ಮರಗಳನ್ನು ಒಮ್ಮೆ ಸುತ್ತಿ ನೋಡಿ. ಯಾವುದರ ಕಾಯಿ ಉದ್ದ, ಯಾವುದರ ಹಣ್ಣು ಸಿಹಿ, ಬರಗಾಲದಲ್ಲೂ ಬಿಟ್ಟದ್ದು ಯಾವುದು, ಬರೆದಿಟ್ಟುಕೊಳ್ಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಮನೆಯಲ್ಲಿ ಆಡಲಾಗದ ಮಾತು ಮರದ ಕೆಳಗೆ ಆಡಲು ಸಾಧ್ಯವಾಗುತ್ತದೆ.