ಇಲಿಯ ಲಿವರಿನಲ್ಲಿ ಒಂದೇ ಕಿಣ್ವದ ಬೆನ್ನುಹತ್ತಿ

ಬಿಳಿ ಇಲಿಯೊಂದಕ್ಕೆ ಕೆಲವು ದಿನ ಫಿನೋಬಾರ್ಬಿಟೋನ್ ಕೊಟ್ಟರೆ ಏನಾಗುತ್ತದೆ ಗೊತ್ತೇ? ಮೂರ್ಛೆರೋಗಕ್ಕೆ ಕೊಡುವ, ಎಷ್ಟೋ ಮನೆಗಳಲ್ಲಿ ಗಾರ್ಡಿನಾಲ್ ಎಂದೇ ಪರಿಚಿತವಾದ ಔಷಧ ಅದು. ಇಲಿಯ ಲಿವರ್ ಸುಮ್ಮನೆ ಕೂರುವುದಿಲ್ಲ! ಹೊರಗಿನಿಂದ ಬಂದ ಈ ವಸ್ತುವನ್ನು ಕರಗಿಸಿ ಸಾಗಹಾಕಬಲ್ಲ ಕಿಣ್ವವನ್ನು ರಾಶಿರಾಶಿಯಾಗಿ ತಯಾರಿಸತೊಡಗುತ್ತದೆ. ಲಿವರೇ ಗಾತ್ರದಲ್ಲಿ ಹಿಗ್ಗುತ್ತದೆ. ಆ ಕಿಣ್ವದ ಹೆಸರು ಸೈಟೋಕ್ರೋಮ್ ಪಿ-450. ಅದು ಎಷ್ಟು ಹುಟ್ಟಿತು, ಹುಟ್ಟು ಎಂದು ಅಪ್ಪಣೆ ಕೊಟ್ಟವರು ಯಾರು? ಈ ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಕೂತವರು ಇದ್ದದ್ದು ನಮ್ಮ ಮಲ್ಲೇಶ್ವರದ ಮಗ್ಗುಲಲ್ಲೇ. ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ!

ಮಲ್ಲೇಶ್ವರವೂ ಬಸವನಗುಡಿಯೂ ಬೆಳೆದದ್ದು 1898ರ ಪ್ಲೇಗಿನ ಕಾಲದಲ್ಲಿ. ಇಕ್ಕಟ್ಟಾದ ಪೇಟೆಯ ಓಣಿಗಳಲ್ಲಿ ಇಲಿ ಬಿತ್ತೆಂದರೆ ಜನ ಮನೆಮಠ ಬಿಟ್ಟು ಓಡುತ್ತಿದ್ದರು. ಇಲಿಗೆ ಹೆದರಿ ಬಂದವರು ಕಟ್ಟಿಕೊಂಡ ಬಡಾವಣೆಯ ಪಕ್ಕದಲ್ಲೇ ಮುಂದೆ ಇಲಿಯೇ ಗುರುವಾಗಿ ನಿಂತಿತು, ನಮ್ಮ ಮೈಯಲ್ಲಿ ಔಷಧಗಳ ಗತಿ ಏನಾಗುತ್ತದೆಂದು ಕಲಿಸಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಲಿವರಿನಿಂದ ಕಿಣ್ವದವರೆಗಿನ ದಾರಿಯೂ ಸೊಗಸು. ಲಿವರನ್ನು ಮಂಜುಗಡ್ಡೆಯ ತಂಪಿನಲ್ಲಿಟ್ಟು ನುಣ್ಣಗೆ ಅರೆಯಬೇಕು. ಮೊದಲು ನಿಧಾನವಾಗಿ ತಿರುಗಿಸಿ, ಗಟ್ಟಿ ಭಾಗ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಬೇಕು. ಆ ತಿಳಿಯನ್ನು ಭೂಮಿಯ ಗುರುತ್ವಕ್ಕಿಂತ ಲಕ್ಷ ಪಟ್ಟು ಹೆಚ್ಚಿನ ಬಲದಲ್ಲಿ ಸುಮಾರು ಒಂದು ಗಂಟೆ ತಿರುಗಿಸಿದರೆ ಕೊಳವೆಯ ತಳದಲ್ಲಿ ಕೆಂಪು ಛಾಯೆಯ, ಬೆಳಕು ಹಾಯುವಂಥ ಒಂದು ಚಿಕ್ಕ ಬಿಲ್ಲೆ ಕೂತಿರುತ್ತದೆ. ಅದಕ್ಕೆ ಮೈಕ್ರೋಸೋಮ್ ಎನ್ನುತ್ತಾರೆ. ನಮ್ಮ ಕಿಣ್ವ ಅಡಗಿರುವುದು ಅಲ್ಲೇ.

ಈ ಬಿಲ್ಲೆಯನ್ನು ಕರಗಿಸಿ ಕಾರ್ಬನ್ ಮೊನಾಕ್ಸೈಡ್ ಹಾಯಿಸಿದರೆ ಅದು 450 ನ್ಯಾನೋಮೀಟರಿನ ಬೆಳಕನ್ನು ಹೀರಿಕೊಳ್ಳುತ್ತದೆ. ಜಪಾನಿನ ಒಮುರ, ಸಾಟೊ ಇಬ್ಬರೂ 1960ರ ದಶಕದ ಮೊದಲಲ್ಲಿ ಆ ಸಂಖ್ಯೆಯನ್ನೇ ಹೆಸರಿಗೆ ಸೇರಿಸಿದರು. ಆದರೆ ಬೆಳಕಿನ ಅಳತೆಗೆ ಒಂದು ಮಿತಿ ಇದೆ. ಪಿ-450 ಎಂಬುದು ದೊಡ್ಡ ಕುಟುಂಬ. ಅಣ್ಣತಮ್ಮಂದಿರೆಲ್ಲರೂ ಆ ಬೆಳಕಿಗೆ ಒಂದೇ ಥರ ಕಾಣುತ್ತಾರೆ. ಮೇಲಾಗಿ ಒಡಲಲ್ಲಿ ಹೀಮ್ ಇದ್ದರೆ ಮಾತ್ರ ಕಾಣುತ್ತಾರೆ. ನಮ್ಮ ರಕ್ತ ಕೆಂಪಾಗಿರುವುದಕ್ಕೆ ಕಾರಣವಾದ, ಕಬ್ಬಿಣದ ಕಣವುಳ್ಳ ಅಣು ಈ ಹೀಮ್. ಹೀಮ್ ಇಲ್ಲದ ಕಿಣ್ವ ಲಿವರಿನಲ್ಲಿ ತುಂಬಿದ್ದರೂ ಬೆಳಕಿಗೆ ಸುಳಿವು ಸಿಗದು.

ಪ್ರತಿಕಾಯದ ಚಮತ್ಕಾರ ಇರುವುದು ಇಲ್ಲಿ! ಇಲಿಯ ಶುದ್ಧ ಕಿಣ್ವವನ್ನು ಮೊಲಕ್ಕೆ ಚುಚ್ಚಿದರೆ, ಮೊಲದ ದೇಹ ಅದನ್ನು ಪರಕೀಯವೆಂದು ಗುರುತಿಸಿ ಪ್ರತಿಕಾಯ ಹುಟ್ಟಿಸುತ್ತದೆ. ಸಾವಿರಾರು ಪ್ರೋಟೀನುಗಳ ನಡುವೆ ಈ ಪ್ರತಿಕಾಯ ತನ್ನದನ್ನೇ ಹಿಡಿಯುತ್ತದೆ, ಕಡಲೆಕಾಯಿ ಪರಿಷೆಯ ಜಂಗುಳಿಯಲ್ಲಿ ತಾಯಿ ತನ್ನ ಮಗುವಿನ ಕೈಯನ್ನೇ ಹಿಡಿದೆಳೆದುಕೊಂಡ ಹಾಗೆ. ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ 1971ರಲ್ಲಿ ಪ್ರಕಟಿಸಿದ ಎಲೈಸಾ ಎಂಬ ವಿಧಾನ ಈ ಗುಣವನ್ನೇ ಅಳತೆಗೋಲು ಮಾಡಿತು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ 96 ಪುಟ್ಟ ಗುಳಿಗಳು. ಗುಳಿಯ ತಳಕ್ಕೆ ಪ್ರತಿಕಾಯ ಅಂಟಿರುತ್ತದೆ. ಇಲಿಯ ಸ್ಯಾಂಪಲ್ ಹಾಕಿದರೆ ಬೇಕಾದ ಕಿಣ್ವ ಸಿಕ್ಕಿಬೀಳುತ್ತದೆ, ಉಳಿದದ್ದೆಲ್ಲ ತೊಳೆದುಹೋಗುತ್ತದೆ. ಮೇಲೆ ಇನ್ನೊಂದು ಪ್ರತಿಕಾಯ, ಅದರ ಬೆನ್ನಿಗೆ ಪೆರಾಕ್ಸಿಡೇಸ್ ಎಂಬ, ಬಣ್ಣ ಬರಿಸುವ ಕಿಣ್ವ. ಬಣ್ಣದ ದ್ರವ ಬಿಟ್ಟ ಸ್ವಲ್ಪ ಹೊತ್ತಿಗೆ ಗುಳಿಗಳು ಒಂದೊಂದಾಗಿ ನೀಲಿಯಾಗುತ್ತವೆ! ಹನಿ ಆಮ್ಲ ಬಿದ್ದ ಕೂಡಲೇ ಅರಿಸಿನದ ಹಳದಿ. ಹಳದಿ ದಟ್ಟವಾದಷ್ಟೂ ಕಿಣ್ವ ಹೆಚ್ಚು. ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಲೆಕ್ಕಕ್ಕೆ ಸಿಗುತ್ತದೆ.

ಆ ಹಳದಿಯನ್ನು ಯಂತ್ರ ಓದುವುದು ಎಷ್ಟು ನ್ಯಾನೋಮೀಟರಿನಲ್ಲಿ? 450! ಬರೀ ಕಾಕತಾಳೀಯ, ಒಪ್ಪಿದೆ. ಆದರೆ ಪೆರಾಕ್ಸಿಡೇಸಿನ ಒಡಲಲ್ಲಿ ಇರುವುದೂ ಹೀಮ್. ಆ ಪೆರಾಕ್ಸಿಡೇಸನ್ನು ತೆಗೆಯುವುದು ಯುರೋಪಿನ ಒಂದು ಖಾರದ ಬೇರಿನಿಂದ. ಬೇರಿನ ಹೀಮ್ ಬಣ್ಣ ಬರಿಸಿ ಇಲಿಯ ಲಿವರಿನ ಹೀಮ್ ಕಿಣ್ವದ ಲೆಕ್ಕ ಹೇಳುತ್ತದೆ. ಇದಕ್ಕೆ ಬೆರಗಾಗದೆ ಹೇಗಿರುವುದು?

ಮೊದಲು ಹೇಳಿದ ಜೀವರಸಾಯನಶಾಸ್ತ್ರ ವಿಭಾಗದ ಪ್ರೊ. ಜಿ. ಪದ್ಮನಾಭನ್ ಅವರ ತಂಡ ಕೇಳಿದ್ದೂ ಹೀಮಿನ ಪ್ರಶ್ನೆಯನ್ನೇ. ಇಲಿಗೆ ಫಿನೋಬಾರ್ಬಿಟೋನ್ ಕೊಟ್ಟು, ಜೊತೆಗೆ ಹೀಮ್ ತಯಾರಿಯನ್ನು ಬೇರೊಂದು ರಾಸಾಯನಿಕದಿಂದ ತಡೆದರೆ ಏನಾದೀತು? ಪ್ರೋಟೀನು ಹುಟ್ಟಿ ಹೀಮಿಗಾಗಿ ಕಾದು ಕೂರುತ್ತದೆಯೇ, ಅಥವಾ ಹುಟ್ಟುವುದೇ ಇಲ್ಲವೇ? ಎರಡನೆಯದೇ ನಿಜ ಎಂದು ಅವರ ಪ್ರಯೋಗಗಳು ತೋರಿದವು. ಹೀಮ್ ಕಡಿಮೆಯಾದರೆ ಜೀನಿನ ಓದೇ ಇಳಿಯುತ್ತದೆ, ಹೊರಗಿನಿಂದ ಚೂರು ಹೀಮ್ ಕೊಟ್ಟರೆ ಮತ್ತೆ ಏರುತ್ತದೆ. ಅಂದರೆ ಕಿಣ್ವದ ಒಂದು ಬಿಡಿಭಾಗವೇ ಆ ಕಿಣ್ವದ ಜೀನಿಗೆ ಅಪ್ಪಣೆ ಕೊಡುತ್ತಿದೆ! 1989ರಲ್ಲಿ ಅದೇ ತಂಡದ ಪಿ.ಎನ್. ರಂಗರಾಜನ್ ಮತ್ತು ಪದ್ಮನಾಭನ್ ಇದರ ಹಿಂದಿನ ಪ್ರೋಟೀನಿನ ಸುಳಿವನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಹೀಮಿನ ಜಾಡು ಲಿವರಿಗೆ ನಿಲ್ಲಲಿಲ್ಲ. ಮಲೇರಿಯಾ ಪರಾವಲಂಬಿ ಬದುಕುವುದು ನಮ್ಮ ಕೆಂಪು ರಕ್ತಕಣದೊಳಗೆ, ಹೀಮಿನ ಕಡಲಿನಲ್ಲೇ. ಆದರೂ ಅದು ತನ್ನ ಹೀಮನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು ಅದೇ ಪ್ರಯೋಗಾಲಯ 1992ರಲ್ಲಿ ತೋರಿಸಿತು. ಆ ತಯಾರಿಗೆ ಬೇಕಾದ ಒಂದು ಕಿಣ್ವವನ್ನು ಪರಾವಲಂಬಿ ನಮ್ಮ ರಕ್ತಕಣದಿಂದಲೇ ಎಳೆದುಕೊಳ್ಳುತ್ತದೆ ಎಂಬುದು ಪತ್ತೆಯಾದದ್ದು 1997ರಲ್ಲಿ. ಆ ಸಾಗಣೆಯನ್ನು ಕತ್ತರಿಸಿದರೆ ಮಲೇರಿಯಾಕ್ಕೆ ಹೊಸ ಮದ್ದು ಸಿಕ್ಕೀತೇ ಎಂಬ ಹುಡುಕಾಟ ಅಲ್ಲಿಂದ ಶುರುವಾಯಿತು.